ಅಕ್ಕಿಯ ಮೇಲೆ ಅಕ್ಷರ: ಮನೆಯಲ್ಲೇ ಮೊದಲ ಪಾಠ

ವಿಜಯದಶಮಿಯಂದು ಶೃಂಗೇರಿಯಂಥ ಕ್ಷೇತ್ರಗಳಲ್ಲಿ ಅಕ್ಷರಾಭ್ಯಾಸಕ್ಕೆ ಬರುವ ಮಕ್ಕಳನ್ನು ನೋಡಬೇಕು. ಅಪ್ಪನ ತೊಡೆಯ ಮೇಲೆ ಕುಳಿತ ಮಗುವಿನ ತೋರುಬೆರಳು ಹಿಡಿದು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ‘ಶ್ರೀ’ ಬರೆಸುತ್ತಾರೆ. ಮಗುವಿಗೆ ಮಾತ್ರ ಅಕ್ಷರಕ್ಕಿಂತ ಅಕ್ಕಿಯ ಮೇಲೆ ಆಸೆ. ಒಂದು ಮುಷ್ಟಿ ಎತ್ತಿ ಸುರಿಯುತ್ತದೆ, ಇನ್ನೊಂದು ಮುಷ್ಟಿಗೆ ಕೈ ಹಾಕುತ್ತದೆ. ‘ಹಾಗೆಲ್ಲ ಮಾಡಬಾರದು ಪುಟ್ಟಾ’ ಎಂದು ಅಜ್ಜಿ ಗದರುತ್ತಾರೆ. ಊರಿಗೆ ಮರಳಿದ ಮೇಲೆ ಅಪ್ಪ ಅಮ್ಮ ಇಬ್ಬರೂ ಎಲ್‌ಕೆಜಿಯ ಅರ್ಜಿ ತರಲು ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಮಗುವಿಗೆ ಆಗ ಮೂರು ತುಂಬಿ ನಾಲ್ಕೋ ಐದೋ ತಿಂಗಳಾಗಿರುತ್ತದೆ.

ಈ ಅಲೆದಾಟದ ನಡುವೆ ಕೆಲವು ತಂದೆತಾಯಿಗಳಿಗೆ ಒಂದು ಪ್ರಶ್ನೆ ಮೂಡುತ್ತದೆ. ಒಂದನೆಯ ತರಗತಿಗೆ ಸೇರುವತನಕ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಿದರೆ ಏನಾಗುತ್ತದೆ? ಕೇಳಿದವರು ನಗುತ್ತಾರೆ, ಇಲ್ಲವೆ ಹೆದರಿಸುತ್ತಾರೆ. ‘ಹೋಂ ಸ್ಕೂಲಿಂಗ್’ ಎಂಬ ಇಂಗ್ಲಿಷ್ ಹೆಸರು ಅಂಟಿಕೊಂಡಿರುವುದರಿಂದ ಇದು ಅಮೆರಿಕದಿಂದ ಬಂದ ಹೊಸ ಹುಚ್ಚೆಂದೇ ಹಲವರ ಎಣಿಕೆ. ಆದರೆ ಇದು ಹೊಸದೂ ಅಲ್ಲ, ಹೊರಗಿನದೂ ಅಲ್ಲ.

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೊ, ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಗಾಂಧಿವಾದಿ ಚಿಂತಕ ಧರಂಪಾಲ್ 1983ರಲ್ಲಿ ಪ್ರಕಟಿಸಿದ ‘ದ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಆ ವರದಿಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅವುಗಳ ಆಧಾರದ ಮೇಲೆ ಮನ್ರೊ 1826ರಲ್ಲಿ ಬರೆದ ಟಿಪ್ಪಣಿಯಲ್ಲಿ ಒಂದು ಸಂಗತಿ ಕುತೂಹಲ ಹುಟ್ಟಿಸುವಂಥದು. ಮದರಾಸು ನಗರವೊಂದರಲ್ಲೇ ಮನೆಯಲ್ಲಿ ಕಲಿಯುತ್ತಿದ್ದ ಮಕ್ಕಳು 26 ಸಾವಿರಕ್ಕೂ ಹೆಚ್ಚು. ಶಾಲೆಗೆ ಹೋಗುತ್ತಿದ್ದವರ ಸುಮಾರು ಐದು ಪಟ್ಟು! ಲೆಕ್ಕದಲ್ಲಿ ಎಲ್ಲೋ ತಪ್ಪಿರಬೇಕೆಂದು ಮನ್ರೊಗೇ ಅನುಮಾನ ಬಂದಿತ್ತು. ಆದರೂ ಬಂಧುಗಳಿಂದಲೋ ಖಾಸಗಿ ಗುರುಗಳಿಂದಲೋ ಮನೆಯಲ್ಲೇ ಕಲಿಯುವವರ ಸಂಖ್ಯೆ ಬೇರೆಡೆಗಳಲ್ಲೂ ಕಡಮೆ ಇರಲಾರದೆಂದು ಆತ ಒಪ್ಪಿಕೊಂಡ.

ಇದೇ ಸಂಗ್ರಹದಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಕನ್ನಡಿಗರಿಗೆ ವಿಶೇಷವಾದುದು. ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದು, ಅವುಗಳಲ್ಲಿ 235 ಕನ್ನಡದವು. ತೆಲುಗು ವ್ಯಾಕರಣವನ್ನು ಬರೆದಿದ್ದ ಕ್ಯಾಂಪ್‌ಬೆಲ್ ಭಾಷೆ ಬಲ್ಲವನಾದ್ದರಿಂದ ಅಂಕಿಸಂಖ್ಯೆಗಳಿಗೆ ನಿಲ್ಲದೆ ಕಲಿಕೆಯ ಕ್ರಮವನ್ನೂ ಬಣ್ಣಿಸಿದ್ದಾನೆ. ಮಗುವಿಗೆ ಐದು ವರ್ಷವಾದಾಗ ಗುರುವೂ ಶಾಲೆಯ ಇತರ ಹುಡುಗರೂ ಅದರ ಮನೆಗೇ ಬರುತ್ತಿದ್ದರು. ಗಣಪತಿಯ ಮುಂದೆ ಎಲ್ಲರೂ ಸುತ್ತ ಕುಳಿತು, ಗುರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದ. ಮೊದಲು ಶಾಲೆ ಮನೆಗೆ ಬಂತು, ಮಾರನೆಯ ದಿನ ಮಗು ಶಾಲೆಗೆ ಹೋಯಿತು. ಮುಂದಿನ ತಿಂಗಳುಗಳಲ್ಲಿ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಹಲಗೆ, ಕಡತ.

ಈ ಮರಳಿನ ಕತೆ ದೂರ ಸಾಗಿತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಊರ ಶಾಲೆಯೊಂದರ ಮಕ್ಕಳು ನೆಲದ ಮೇಲೆ ಕುಳಿತು ಮರಳಲ್ಲಿ ಬರೆಯುವುದನ್ನು ಕಂಡು ಅದನ್ನೇ ತನ್ನ ಶಾಲೆಗೆ ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನೂ ಅಳವಡಿಸಿ 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು.

ಹಾಗೆಂದು ಹಳೆಯ ಕೂಲಿಮಠವನ್ನು ಹೊಗಳಿ ಕೂರುವುದು ಸಲ್ಲದು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಿತ್ತೆಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುವ ಶಿಕ್ಷೆಯೂ ಅವನ ವರದಿಯಲ್ಲಿದೆ. ನಮ್ಮ ಹಿರಿಯರು ಹೇಳುತ್ತಿದ್ದ ‘ಕೋದಂಡ’ ಇದೇ. ಬಾಯಿಪಾಠ ಮಾಡಿದ ಪದ್ಯಗಳ ಅರ್ಥ ಹುಡುಗರಿಗೆ ಗಿಳಿಗೆ ತಿಳಿದಷ್ಟೇ ತಿಳಿದಿತ್ತೆಂಬುದು ಅವನ ದೂರು. ಹೆಣ್ಣುಮಕ್ಕಳು ಅಲ್ಲಿ ಅಪರೂಪ. ಐಗಳ ಜಗಲಿಯನ್ನು ಹತ್ತಲಾಗದ ಜಾತಿಗಳ ಮಕ್ಕಳಿಗೆ ಮನೆಯಲ್ಲಿ ಕಲಿಸುವವರೂ ಇರಲಿಲ್ಲ. ಮನೆಯ ಪಾಠವೆಂಬುದು ಅಂದಿಗೂ ಓದು ಬಲ್ಲವರ ಮನೆಯ ಸೌಲಭ್ಯವೇ. ಇಂದಿನ ಉತ್ಸಾಹಿಗಳು ಇದನ್ನು ಮರೆಯಬಾರದು.

ಇನ್ನು ‘ಕಿಂಡರ್‌ಗಾರ್ಟನ್’ ಎಂಬ ಹೆಸರಿನ ಹಿನ್ನೆಲೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯರಿಗಾಗಿ ಒಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟ. ಮಕ್ಕಳ ತೋಟ ಎಂದು ಅರ್ಥ. ಅಲ್ಲಿ ಪುಸ್ತಕವಿರಲಿಲ್ಲ, ಉಣ್ಣೆಯ ಚೆಂಡು, ಮರದ ಗೋಳ, ಉರುಳೆ, ಘನ, ಹಾಡು, ಕುಣಿತ, ಜೊತೆಗೆ ನಿಜವಾದ ತೋಟದ ಕೆಲಸ. 1844ರಲ್ಲಿ ಆತ ಹೊರತಂದ ಒಂದು ಪ್ರಸಿದ್ಧ ಪುಸ್ತಕ ಶಿಕ್ಷಕರಿಗಾಗಿ ಬರೆದದ್ದಲ್ಲ, ತಾಯಂದಿರಿಗಾಗಿ. ಮನೆಯಲ್ಲಿ ಕೂಸನ್ನು ಆಡಿಸುತ್ತ ಹಾಡುವ ಬೆರಳಾಟದ ಹಾಡುಗಳು ಅದರಲ್ಲಿವೆ. ನಮ್ಮಲ್ಲಿ ಕೂಸಿನ ಅಂಗೈಯಲ್ಲಿ ಬೆರಳಾಡಿಸಿ, ಮೊಣಕೈ ದಾಟಿ ಕಂಕುಳಿಗೆ ಕಚಗುಳಿ ಇಡುವ ಅಜ್ಜಿಯರು ಫ್ರೋಬೆಲ್‌ನನ್ನು ಓದಿದವರಲ್ಲ; ಬಹುಶಃ ಅವನೇ ಅಂಥ ಅಜ್ಜಿಯರಿಂದ ಕಲಿತಿದ್ದಾನು. ಪ್ರಷ್ಯಾ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಇನ್ನೊಂದು ವಿಚಿತ್ರವೆಂದರೆ, ಆ ದೇಶದಲ್ಲಿ ಕಿಂಡರ್‌ಗಾರ್ಟನ್ ಇಂದಿಗೂ ಕಡ್ಡಾಯವಲ್ಲ. ಆದರೆ ಶಾಲಾ ವಯಸ್ಸು ಬಂದ ಮೇಲೆ ಮನೆಯಲ್ಲಿ ಕಲಿಸಲು ಅಲ್ಲಿನ ಕಾನೂನು ಬಿಡುವುದಿಲ್ಲ.

ಮಾರಿಯಾ ಮಾಂಟೆಸ್ಸರಿಯ ಹೆಸರು ನಮ್ಮ ನಗರಗಳ ಬೀದಿ ಬೀದಿಯ ಫಲಕಗಳಲ್ಲಿ ಇರುವುದರಿಂದ ಪರಿಚಯ ಬೇಡ. ವೈದ್ಯೆಯಾಗಿದ್ದ ಆಕೆ 1907ರಲ್ಲಿ ರೋಮಿನ ಕೂಲಿಕಾರರ ಬಡಾವಣೆಯೊಂದರಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದರು. ಉಜ್ಜುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುತ್ತಿದ್ದರು. ಹೀಗೆ ಬೆರಳಿಗೆ ಅಕ್ಷರದ ದಾರಿ ತಿಳಿದ ಮೇಲೆ, ಓದಲು ಬರುವ ಮುಂಚೆಯೇ ಮಕ್ಕಳು ಬರೆಯತೊಡಗಿದ್ದನ್ನು ಆಕೆ ಕಂಡರು. ಮರಳಲ್ಲಿ ತಿದ್ದಿಸುತ್ತಿದ್ದ ನಮ್ಮ ಐಗಳು ಇದಕ್ಕೆ ತಲೆದೂಗುತ್ತಿದ್ದರು. 1939ರಲ್ಲಿ ಮಾಂಟೆಸ್ಸರಿ ಮದರಾಸಿನ ಅಡಯಾರಿಗೆ ಬಂದರು. ಯುದ್ಧದಲ್ಲಿ ಇಟಲಿ ಶತ್ರುರಾಷ್ಟ್ರವಾದ್ದರಿಂದ ಬ್ರಿಟಿಷ್ ಸರ್ಕಾರ 1940ರಲ್ಲಿ ಅವರ ಮಗನನ್ನು ಬಂಧಿಸಿ, ಅವರನ್ನು ಅಡಯಾರು ಬಿಟ್ಟು ಹೋಗದಂತೆ ತಡೆಯಿತು. ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮಗನ ಬಿಡುಗಡೆಯಾಯಿತು. 1946ರವರೆಗೂ ಇಲ್ಲೇ ಉಳಿದು ಅವರು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅದಕ್ಕೂ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ತಮಗೆ ಮಗ ಹುಟ್ಟಿದಾಗ ಅವನಿಗೆ ಹೇಗೆ ಕಲಿಸಲಿ ಎಂದು ಹುಡುಕುತ್ತ ಹೊರಟು, ವಕೀಲಿಯನ್ನೇ ಬಿಟ್ಟು 1920ರಲ್ಲಿ ಬಾಲಮಂದಿರ ಕಟ್ಟಿದರು. ಅವರ ಜೊತೆಗಾರ್ತಿ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಆದಿವಾಸಿ ಹಾಡಿಗಳಲ್ಲಿ ಶಾಲೆಯನ್ನೇ ಮನೆಯಂಗಳಕ್ಕೆ ಕೊಂಡೊಯ್ದರು. ‘ಅಂಗನವಾಡಿ’ ಎಂಬ ಕಲ್ಪನೆ ಅವರದು. ದೇಶದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾದಾಗ ಅದರ ಕೇಂದ್ರಗಳಿಗೆ ಇದೇ ಹೆಸರು ಬಂತು.

ಕನ್ನಡದಲ್ಲಿ ಮನೆಪಾಠದ ದೊಡ್ಡ ಪ್ರಯೋಗಿಯೆಂದರೆ ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ನಾಟಕ, ಕುಣಿತ, ಶಾಲೆ ಎಂದೆಲ್ಲ ಪ್ರಯೋಗ ಮಾಡಿದ ಅವರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದು ಮುಗಿಸಿದ್ದರು. ಅವರ ಸ್ವಂತ ಮಕ್ಕಳು ಬಾಲ್ಯದ ಹಲವು ವರ್ಷ ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಲಿತರು. ಅವರಲ್ಲಿ ಒಬ್ಬರಾದ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಿಂದ ಜಗತ್ತಿಗೆ ಪರಿಚಿತರಾದ ವಿಜ್ಞಾನಿ. ಮಕ್ಕಳೇ ಸೇರಿ ಬರೆದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಪುಸ್ತಕ 2021ರಲ್ಲಿ ಬಂದಿದೆ. ಎಲ್ಲ ಮನೆಗಳಲ್ಲಿ ಕಾರಂತರಿರುವುದಿಲ್ಲ ನಿಜ. ಆದರೆ ಐದು ವರ್ಷದ ಮಗುವಿಗೆ ಕಾರಂತರೇ ಬೇಕೆಂದೂ ಇಲ್ಲ.

ಕಾನೂನು ಏನೆನ್ನುತ್ತದೆ ಎಂಬುದು ಮುಂದಿನ ಅಂಜಿಕೆ. 2009ರಲ್ಲಿ ಸಂಸತ್ತು ಒಪ್ಪಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ ಅನ್ವಯಿಸುವುದು 6ರಿಂದ 14 ವರ್ಷದ ಮಕ್ಕಳಿಗೆ. ಅದಕ್ಕಿಂತ ಕೆಳಗಿನವರಿಗೆ ಸರ್ಕಾರ ಶಾಲಾಪೂರ್ವ ವ್ಯವಸ್ಥೆ ಮಾಡಬಹುದೆಂದು ಹೇಳುತ್ತದೆಯೇ ಹೊರತು ಮಗುವನ್ನು ಕಳಿಸಲೇಬೇಕೆಂದು ಹೇಳುವುದಿಲ್ಲ. ಎಲ್‌ಕೆಜಿ, ಯುಕೆಜಿ ವಯಸ್ಸಿನ ಮಗುವನ್ನು ಮನೆಯಲ್ಲಿ ಕಲಿಸುವುದರಲ್ಲಿ ಕಾನೂನಿನ ತೊಡಕೇನೂ ಇಲ್ಲ. ಆರು ದಾಟಿದ ಮೇಲಿನ ಕತೆ ಬೇರೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ, ಮನೆಪಾಠದ ಹೆಸರನ್ನು ಎಲ್ಲೂ ಎತ್ತುವುದಿಲ್ಲ. ಮುಂದೆಯೂ ಮನೆಯಲ್ಲೇ ಕಲಿಸಬಯಸುವ ಕೆಲವರು ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಗಳನ್ನು ನೆಚ್ಚಿಕೊಂಡಿದ್ದಾರೆ. ಅಲ್ಲಿ 14 ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಕರ್ನಾಟಕದಲ್ಲಿ ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. ಪಾಲಕರ ಗದ್ದಲದಿಂದಾಗಿ 2025-26ರ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದವರಿಗೆ, ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಆ ಗದ್ದಲದ ಕಾರಣ ಊಹಿಸುವುದು ಕಷ್ಟವಲ್ಲ. ಮೂರು ತುಂಬುವ ಮೊದಲೇ ಸೇರಿಸಿದ ಮಕ್ಕಳು ಯುಕೆಜಿ ಮುಗಿಸಿ ವಯಸ್ಸು ಸಾಲದೆ ನಿಂತಿದ್ದರು. ಮನೆಯಲ್ಲಿ ಒಂದು ವರ್ಷ ಹೆಚ್ಚು ಆಡಿಕೊಂಡಿದ್ದವರಿಗೆ ಈ ಪೇಚು ಬರಲಿಲ್ಲ.

ಹಾಗಾದರೆ ಆರಂಭ ಹೇಗೆ? ಬಹಳಷ್ಟು ಮಂದಿ ಮಾಡುವ ಮೊದಲ ತಪ್ಪು, ಅಂಗಡಿಗೆ ಹೋಗಿ ಎಲ್‌ಕೆಜಿಯ ಪುಸ್ತಕಗಳ ಕಟ್ಟು ತಂದು, ಕೋಣೆಯಲ್ಲಿ ಪುಟ್ಟ ಮೇಜು ಕುರ್ಚಿ ಹಾಕಿ, ವೇಳಾಪಟ್ಟಿ ಅಂಟಿಸುವುದು. ಶಾಲೆ ಬೇಡವೆಂದು ಹೊರಟು ಮನೆಯನ್ನೇ ಶಾಲೆ ಮಾಡಿದಂತಾಗುತ್ತದೆ. ಶಾಲೆಯ ಚೀಲದ ಭಾರದ ಬಗ್ಗೆ 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲೇ ಮಾತಾಡಿದವರು ಮೈಸೂರಿನ ಆರ್. ಕೆ. ನಾರಾಯಣ್. ಆ ಬಳಿಕ ನೇಮಕವಾದ ಯಶಪಾಲ್ ಸಮಿತಿ 1993ರ ವರದಿಯಲ್ಲಿ ನರ್ಸರಿ ಪ್ರವೇಶಕ್ಕೆ ಮಕ್ಕಳ ಪರೀಕ್ಷೆ, ಸಂದರ್ಶನ ನಡೆಸುವುದನ್ನು ನಿಲ್ಲಿಸಬೇಕೆಂದಿತು. ಅಂಥ ಭಾರವನ್ನು ತಾಯಿಯೇ ಮನೆಗೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಈ ವಯಸ್ಸಿನಲ್ಲಿ ಕೂತು ಕಲಿಯುವ ಹೊತ್ತು ದಿನಕ್ಕೆ ಅರ್ಧ ಗಂಟೆ ಧಾರಾಳವಾಯಿತು, ಅದೂ ಎರಡು ಮೂರು ತುಣುಕಾಗಿ. ಉಳಿದದ್ದು ಅಡಿಗೆಮನೆ, ಹಿತ್ತಲು, ಬೀದಿ, ಸಂತೆ.

ಮೊದಲನೆಯದು ಮಾತು. ಮಗುವಿನೊಡನೆ ಮನೆಯ ಭಾಷೆಯಲ್ಲಿ ಪೂರ್ಣ ವಾಕ್ಯಗಳಲ್ಲಿ ಮಾತಾಡಬೇಕು, ಕತೆ ಹೇಳಬೇಕು, ಅದು ಹೇಳುವ ಅಸಂಬದ್ಧ ಕತೆಯನ್ನು ಕೊನೆಯತನಕ ಕೇಳಬೇಕು. ಕೊನೆಯದೇ ಕಷ್ಟ. ಇಂಗ್ಲಿಷಿನ ಚಿಂತೆ ಎಲ್ಲರಿಗೂ ಇರುತ್ತದೆ. ತಾಯಿತಂದೆಗೆ ಸರಾಗವಾಗಿ ಬರುವುದಾದರೆ ಒಂದಿಷ್ಟು ಹಾಡು, ಚಿತ್ರದ ಪುಸ್ತಕ ಸಾಕು. ಬಾರದ ಭಾಷೆಯಲ್ಲಿ ‘ಕಮ್ ಪುಟ್ಟಾ, ಈಟ್ ಪುಟ್ಟಾ’ ಎನ್ನುವುದರಿಂದ ಮಗುವಿಗೆ ಎರಡೂ ಭಾಷೆ ಅರೆಬರೆಯಾಗುತ್ತದೆ.

ಲೆಕ್ಕದ ವಿಷಯ ಇನ್ನೂ ಸ್ವಾರಸ್ಯಕರ. ಒಂದರಿಂದ ನೂರರವರೆಗೆ ಸರಸರನೆ ಒಪ್ಪಿಸುವ ಮಗುವಿಗೆ ‘ಏಳು ಹುಣಸೆಬೀಜ ಕೊಡು’ ಎಂದರೆ ಕೈ ತಡವರಿಸುವುದುಂಟು. ಹೆಸರು ಬೇರೆ, ಎಣಿಕೆ ಬೇರೆ. ಒಂದು ವಸ್ತುವಿಗೆ ಒಂದೇ ಅಂಕಿ ಎಂಬ ತಿಳಿವಳಿಕೆ ಕೈಗೆ ಬರಬೇಕು. ಅಳಗುಳಿಮಣೆಯಲ್ಲಿ ಒಂದೊಂದು ಗುಳಿಗೆ ಒಂದೊಂದೇ ಕಾಳು ಹಾಕುತ್ತ ಸಾಗುವಾಗ ನಡೆಯುವುದು ಇದೇ. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ಕಾಯಿ ನಡೆಸುವುದೂ ಅದೇ. ನಾಲ್ಕೂ ಮೊಗಚಿ ಬಿದ್ದರೆ ಎಂಟೆಂಬ ವಿಚಿತ್ರ ನಿಯಮವನ್ನು ಮಗು ಬಲು ಬೇಗ ಕಲಿಯುತ್ತದೆ, ಲಾಭವಿದೆಯಲ್ಲ! ಊಟಕ್ಕೆ ಮನೆಯವರ ತಲೆ ಎಣಿಸಿ ತಟ್ಟೆ ಇಡಿಸುವುದು, ಹೆಸರುಕಾಳು ಕಡಲೆಕಾಳು ಬೇರೆ ಮಾಡಿಸುವುದು, ಪಾವು ಸೇರುಗಳಲ್ಲಿ ಅಳೆಸುವುದು, ಏಳು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿಯುವ ರಂಗೋಲಿ ಹಾಕಿಸುವುದು, ಇವೆಲ್ಲ ಗಣಿತವೇ. ರಂಗೋಲಿ ಪುಡಿ ಬಿಡುವ ಬೆರಳುಗಳೇ ನಾಳೆ ಪೆನ್ಸಿಲು ಹಿಡಿಯುವ ಬೆರಳುಗಳು.

ಬರವಣಿಗೆಗೆ ಅವಸರಪಡುವವರು ಮಗುವಿನ ಮಣಿಕಟ್ಟನ್ನು ನೆನೆಯಬೇಕು. ಅಲ್ಲಿರುವ ಎಂಟು ಪುಟ್ಟ ಎಲುಬುಗಳು ಹುಟ್ಟಿದಾಗ ಮೆದು. ಒಂದೊಂದಾಗಿ ಗಟ್ಟಿಯಾಗುತ್ತ ಹೋಗಲು ಹಲವಾರು ವರ್ಷ ಬೇಕು. ನಾಲ್ಕು ವರ್ಷದ ಮಗು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆದು ‘ಕೈ ನೋವು’ ಎಂದರೆ ಅದು ಸೋಮಾರಿತನವಲ್ಲ. ರಾಗಿಯ ತಟ್ಟೆ, ಅಂಗಳದ ಮರಳು, ಗೋಡೆಯ ಮೇಲೆ ಒದ್ದೆ ಕುಂಚ, ಚಪಾತಿ ಹಿಟ್ಟು ನಾದುವುದು, ಅವರೆಕಾಳು ಹಿಚುಕುವುದು, ಹೂ ಕಟ್ಟುವುದು ಮೊದಲು ಬರಲಿ.

ಅಕ್ಷರ ಕಲಿಸುವಾಗ ‘ಅ’ದಿಂದ ‘ಳ’ದವರೆಗೆ ಸಾಲಾಗಿ ಹೋಗಲೇಬೇಕೆಂದಿಲ್ಲ. 1995ರಲ್ಲಿ ಎಚ್. ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭವಾದ ಈ ಐದರಿಂದಲೇ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಐದು ಅಕ್ಷರ ಕಲಿತ ವಾರವೇ ‘ಗರಗಸ’ ಎಂದು ಓದಿದ ಮಗುವಿನ ಮುಖ ನೋಡಬೇಕು. ‘ಅ’ದಿಂದ ಹೊರಟು ‘ಋ’ ಬಳಿ ಎಡವಿ ನಿಂತ ಮಗುವಿಗೆ ಆ ಸುಖವಿಲ್ಲ. ಆದರೆ ಆತುರ ಬೇಡ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರ. ಸೊನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದನ್ನು ತೋರಿಸಿದ್ದಾರೆ. ಐದು ವರ್ಷಕ್ಕೆ ಕಾಗುಣಿತ ಮುಗಿಯಲಿಲ್ಲವೆಂದು ಕೊರಗುವ ಕಾರಣವಿಲ್ಲ.

ಮನೆಪಾಠದ ಎರಡು ನಿಜವಾದ ಕಷ್ಟಗಳನ್ನು ಮುಚ್ಚಿಡುವಂತಿಲ್ಲ. ಒಂದು, ಜೊತೆಗಾರರು. ಅಜ್ಜಿ ಮನೆಯಲ್ಲಿ ಹತ್ತು ಮಕ್ಕಳಿದ್ದ ಕಾಲ ಹೋಯಿತು. ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಒಂಟಿ ಮಗುವಿಗೆ ದೂರದರ್ಶನವೋ ಮೊಬೈಲೋ ಗೆಳೆಯನಾಗುತ್ತದೆ. ಜಗಳಾಡಲು, ಸೋಲಲು, ಸರದಿಗಾಗಿ ಕಾಯಲು ಓರಗೆಯವರು ಬೇಕೇ ಬೇಕು. ನಾಲ್ಕಾರು ಮನೆಯವರು ಸೇರಿ ವಾರದಲ್ಲಿ ಮೂರು ದಿನ ಒಬ್ಬೊಬ್ಬರ ಮನೆಯಲ್ಲಿ ಮಕ್ಕಳನ್ನು ಕೂಡಿಸುವುದುಂಟು. ಹತ್ತಿರದ ಅಂಗನವಾಡಿಗೆ ಬೆಳಗಿನ ಹೊತ್ತು ಕಳಿಸುವುದರಲ್ಲೂ ಅವಮಾನವೇನಿಲ್ಲ. ರಾಜ್ಯದಲ್ಲಿ ಅಂಥ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಇನ್ನೊಂದು ಕಷ್ಟ ತಾಯಿಯದು. ‘ನಾವು ಮನೆಯಲ್ಲೇ ಕಲಿಸುತ್ತೇವೆ’ ಎನ್ನುವ ಗಂಡಸರ ಮಾತಿನಲ್ಲಿ ‘ನಾವು’ ಎಂದರೆ ಹೆಚ್ಚಾಗಿ ಹೆಂಡತಿ. ಅವಳ ನೌಕರಿ, ಅವಳ ಮಧ್ಯಾಹ್ನದ ನಿದ್ದೆ, ಅವಳ ತಾಳ್ಮೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸುತ್ತ ಕತೆ ಹೇಳುವುದು, ಸಂಜೆ ತರಕಾರಿ ಅಂಗಡಿಗೆ ಕರೆದೊಯ್ದು ಚಿಲ್ಲರೆ ಎಣಿಸುವುದು ಅಪ್ಪನಿಂದ ಆಗದ ಕೆಲಸವೇನಲ್ಲ. ಇಬ್ಬರೂ ಬೆಳಗಾದರೆ ಕೂಲಿಗೋ ಗಾರ್ಮೆಂಟ್ಸಿಗೋ ಹೊರಡುವ ಮನೆಗಳಲ್ಲಿ ಈ ಚರ್ಚೆಗೇ ಜಾಗವಿಲ್ಲ. ಅಲ್ಲಿ ಬೇಕಾದದ್ದು ಮನೆಪಾಠವಲ್ಲ, ಸಂಜೆಯವರೆಗೆ ತೆರೆದಿರುವ ಒಳ್ಳೆಯ ಶಿಶುವಿಹಾರ.

ಆರು ತುಂಬಿದ ಮೇಲೆ ಶಾಲೆಗೆ ಸೇರಿಸುವಾಗ ಎಲ್‌ಕೆಜಿಯ ಸರ್ಟಿಫಿಕೇಟು ಇಲ್ಲವಲ್ಲ ಎಂದು ಕಂಗಾಲಾಗುವವರಿದ್ದಾರೆ. ಶಾಲೆಗೆ ಹೋಗದೆ ಉಳಿದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂ ಹೇಳುತ್ತದೆ. ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು 13ನೆಯ ಕಲಂ ನಿಷೇಧಿಸುತ್ತದೆ. ಜನನ ಪ್ರಮಾಣಪತ್ರ ಸಿದ್ಧವಿದ್ದರೆ ಸಾಕು. ಮನೆಯಲ್ಲೇ ಬೆಳೆದ ಮಗುವಿಗೆ ಮೊದಲ ವಾರ ಅಳು ಬಂದೀತು. ಎಲ್‌ಕೆಜಿಗೆ ಹೋದ ಮಕ್ಕಳೂ ಆ ಅಳುವನ್ನು ಎರಡು ವರ್ಷ ಮೊದಲೇ ಅತ್ತು ಮುಗಿಸಿರುತ್ತಾರೆ ಅಷ್ಟೆ. ಜೂನ್‌ಗೆ ಮುಂಚಿನ ಬೇಸಿಗೆಯಲ್ಲಿ ಕಲಿಸಬೇಕಾದದ್ದು ಅಕ್ಷರವಲ್ಲ. ಊಟದ ಡಬ್ಬಿಯ ಮುಚ್ಚಳ ತಾನೇ ತೆರೆಯುವುದು, ನೀರಿನ ಬಾಟಲಿಯ ತಿರುಪು ತಿರುಗಿಸುವುದು, ಚಡ್ಡಿಯ ಗುಂಡಿ ಹಾಕಿಕೊಳ್ಳುವುದು, ಮೂತ್ರಕ್ಕೆ ಹೋಗಬೇಕೆಂದು ಗುರುತಿಲ್ಲದ ಟೀಚರಿಗೆ ಬಾಯಿಬಿಟ್ಟು ಹೇಳುವುದು, ಅಪ್ಪ ಅಮ್ಮನ ಪೂರ್ತಿ ಹೆಸರು ಮತ್ತು ಮನೆಯ ಬೀದಿ. ಒಂದನೆಯ ತರಗತಿಯ ಟೀಚರನ್ನು ಕೇಳಿದರೆ ಅವರೂ ಇದನ್ನೇ ಮೊದಲು ಹೇಳುತ್ತಾರೆ, ಆಮೇಲೆ ಕಾಗುಣಿತ.